ಇಪ್ಪತ್ತಮೂರನೆಯ ಮಣಿ

ಮನುಷ್ಯಕುಲದ ಪ್ರಗತಿಯ ಚರಿತ್ರೆಯಲ್ಲಿ ಬೆಂಕಿಗೆ ಒಂದು ಅಧ್ಯಾಯ ಸಿಕ್ಕಿದೆ, ಚಕ್ರಕ್ಕೆ ಒಂದು ಅಧ್ಯಾಯ ಸಿಕ್ಕಿದೆ. ಉಡಿದಾರಕ್ಕೆ ಒಂದು ಅಡಿಟಿಪ್ಪಣಿಯೂ ಸಿಕ್ಕಿಲ್ಲ. ಈ ಅನ್ಯಾಯವನ್ನು ಇನ್ನು ಮುಂದೂಡುವಂತಿಲ್ಲ. ಧೋತರ ಹೋಗಿ ಪ್ಯಾಂಟು ಬಂತು, ಗುಂಡಿ ಹೋಗಿ ಜಿಪ್ಪು ಬಂತು. ಆದರೆ ಬೆಟಗೇರಿಯ ಗಂಡಸಿನ ಸೊಂಟಕ್ಕೆ ತೊಟ್ಟಿಲಲ್ಲಿ ಏರಿದ ಆ ಎರಡೆಳೆ ರೇಷ್ಮೆ ದಾರ ಚಿತೆಯವರೆಗೆ ಇಳಿಯಲಿಲ್ಲ. ಹೊಟ್ಟೆ ಅದರ ಮೇಲೆ ಬೆಳೆದು ಅದನ್ನು ಮರೆಮಾಡಿದ್ದುಂಟು. ಅದು ಹೊಟ್ಟೆಯ ಕೈಬಿಟ್ಟದ್ದಿಲ್ಲ.

ಈ ಸತ್ಯವನ್ನು ವಿಜ್ಞಾನದ ಕಣ್ಣಿನಿಂದ ಮೊದಲು ಕಂಡವರು ಡಾ. ಸುನಂದಾ ಹೆಬಸೂರ. ನವಲಗುಂದದ ಕಡೆಯ ಹೃದ್ರೋಗ ತಜ್ಞೆ, ಐವತ್ತೆರಡು ವರ್ಷ, ಬೆಟಗೇರಿಯ ಹಳೆಯ ಜಿನ್ನಿಂಗ್ ಮಿಲ್ಲಿನ ಹತ್ತಿ ಗೋದಾಮಿನಲ್ಲಿ ಒಂದು ಹೃದಯ ಅಧ್ಯಯನ ಕೇಂದ್ರ ನಡೆಸುತ್ತಿದ್ದರು. ಅವರಿಗೆ ತಿಳಿಯಬೇಕಾಗಿದ್ದದ್ದು ಇಷ್ಟೇ: ಯಾರ ಹೃದಯ ಯಾವಾಗ ಕೈಕೊಡುತ್ತದೆ, ಯಾಕೆ ಕೈಕೊಡುತ್ತದೆ. ಉಪ್ಪೋ, ತಂಬಾಕೋ, ಬೊಜ್ಜೋ, ಸಿಟ್ಟೋ, ಸಂಜೆಯ ಮಿರ್ಚಿ ಭಜಿಯೋ? ಇದನ್ನು ಕಂಡುಹಿಡಿಯಲು ಜನರ ಹೃದಯವನ್ನು ಹಗಲಿರುಳು ಆಲಿಸಬೇಕು. ಮೊದಲು ಕೈಪಟ್ಟಿ ಕೊಟ್ಟು ನೋಡಿದರು. ಜನ ಅದನ್ನು ಮುಸುರೆ ತಿಕ್ಕುವಾಗ ಬಿಚ್ಚಿಟ್ಟರು, ಮದುವೆಗೆ ಹೋಗುವಾಗ ಬಿಚ್ಚಿಟ್ಟರು, ಎಲ್ಲಿ ಬಿಚ್ಚಿಟ್ಟೆವೆಂಬುದನ್ನು ಮರೆತರು. ಒಂದು ಪಟ್ಟಿ ಎರಡು ವಾರ ಒಂದು ಎಮ್ಮೆಯ ಕೊಂಬಿನಲ್ಲಿತ್ತು. ಅದನ್ನು ಧರಿಸಿದವರಿಗೆ ಮಾನಸಿಕ ಒತ್ತಡ ಸ್ವಲ್ಪವೂ ಇಲ್ಲವೆಂದು ಗಣಕ ವರದಿ ಮಾಡಿತು.

ಆಗ ಸುನಂದಾ ಬಾಯಿಯವರಿಗೆ ಉಡಿದಾರ ಹೊಳೆಯಿತು. ಕಡಲೆಬೇಳೆಯಷ್ಟು ದೊಡ್ಡದಾದ ಒಂದು ಮಣಿ ಮಾಡಿಸಿದರು. ಬೆನ್ನುಮೂಳೆಯ ಮುಂದೆ ಹಾದು ಸೊಂಟಕ್ಕಿಳಿಯುವ ದೊಡ್ಡ ರಕ್ತನಾಳದ ಬಡಿತವನ್ನು ಅದು ಕೇಳಿಸಿಕೊಳ್ಳುತ್ತದೆ. ಮೈಯ ಶಾಖದಿಂದಲೇ ಜೀವ ಹಿಡಿಯುತ್ತದೆ. ಆ ಶಾಖ ಅಲ್ಪವಾದ್ದರಿಂದ ಅರ್ಧ ಗಂಟೆಗೊಮ್ಮೆ ಮಾತ್ರ ಬಾಯಿ ಬಿಡುತ್ತದೆ. ಹಾಗೆ ಬಾಯಿ ಬಿಟ್ಟಾಗ ಹತ್ತಿರದ ಪೆಟ್ಟಿಗೆಯೊಂದು ಅದರ ಮಾತನ್ನು ಹಿಡಿದು ಗೋದಾಮಿನ ಗಣಕಕ್ಕೆ ದಾಟಿಸುತ್ತದೆ. ಪೆಟ್ಟಿಗೆಗಳನ್ನು ಚಹಾದಂಗಡಿ, ಗರಡಿಮನೆ, ಗುಡಿ, ಶಾಲೆಗಳಲ್ಲಿ ಕೂರಿಸಿದ್ದರು. ಯಾರದಾದರೂ ಹೃದಯ ಸೋಲುವ ಲಕ್ಷಣ ಕಂಡರೆ ಗಣಕ ನಾಲ್ಕು ತಾಸು ಮೊದಲೇ ಕೂಗಬೇಕು. ಅದು ದಿನವಿಡೀ ಯಾರ ಮೇಲಾದರೂ ದೂರು ಹೇಳುತ್ತಲೇ ಇದ್ದುದರಿಂದ ಸಿಬ್ಬಂದಿ ಅದಕ್ಕೆ ‘ಅತ್ತಿ’, ಅಂದರೆ ಅತ್ತೆ, ಎಂದು ಹೆಸರಿಟ್ಟಿದ್ದರು.

ಒಂದೇ ಓಣಿಯ ಅರವತ್ತನಾಲ್ಕು ಗಂಡಸರು ಮಣಿ ಕಟ್ಟಿಕೊಂಡರು. ಹೆಂಗಸರ ಮಣಿ ತಾಳಿಯ ಸರದಲ್ಲಿತ್ತು. ಆ ಕಡೆಯಿಂದ ಯಾವ ತೊಂದರೆಯೂ ಬರಲಿಲ್ಲ. ತಾಳಿಯನ್ನು ಯಾರೂ ಇನ್ನೊಬ್ಬರಿಗೆ ಕಟ್ಟಲು ಕೊಡುವುದಿಲ್ಲ.

ಸುನಂದಾ ಬಾಯಿಯವರು ಎಚ್ಚರದ ಹೆಂಗಸು. ಪ್ರಶ್ನಾವಳಿಯಲ್ಲಿ ಮೊದಲ ಪ್ರಶ್ನೆಯೇ ಅದಾಗಿತ್ತು: ನೀವು ಉಡಿದಾರವನ್ನು ಎಂದಾದರೂ ತೆಗೆಯುತ್ತೀರಾ? ಅರವತ್ತನಾಲ್ಕು ಜನರೂ ಇಲ್ಲವೆಂದರು. ಕೆಲವರು ಆ ಪ್ರಶ್ನೆ ಕೇಳಿದ್ದಕ್ಕೇ ಬೇಸರಪಟ್ಟರು. ಅವರಲ್ಲಿ ಒಬ್ಬರೂ ಸುಳ್ಳು ಹೇಳಿರಲಿಲ್ಲ ಎಂಬುದನ್ನು ಮುಂದಿನ ಕಥೆಗಾಗಿ ನೆನಪಿಡಬೇಕು.

ಹನ್ನೊಂದು ತಿಂಗಳು ಎಲ್ಲ ಸರಿಯಾಗಿ ನಡೆಯಿತು. ಆಮೇಲೆ ಯುಗಾದಿ ಬಂತು.

*

ಹಬ್ಬದ ದಿನ ಗೋದಾಮಿನ ಗಾಜಿನ ಕೋಣೆಯಲ್ಲಿ ಅತ್ತಿಯ ಎದುರು ಕೂತಿದ್ದವನು ಇರ್ಫಾನ ನದಾಫ, ಕೇಂದ್ರದ ಸಂಖ್ಯಾಶಾಸ್ತ್ರಿ. ಅವನ ಅಜ್ಜ ಇದೇ ಗೋದಾಮಿನ ಹತ್ತಿಯನ್ನು ಹಿಂಜುತ್ತಿದ್ದ. ಮೊಮ್ಮಗ ಅಂಕಿಗಳನ್ನು ಹಿಂಜುತ್ತಿದ್ದ. ಹಿಂದಿನ ರಾತ್ರಿ ಗಂಡಸರ ಮಣಿಗಳೆಲ್ಲ ಬಾಯಿ ಬಿಡದಿದ್ದುದನ್ನು ಪೆಟ್ಟಿಗೆಗಳ ದೋಷವೆಂದುಕೊಂಡಿದ್ದ. ಬೆಳಿಗ್ಗೆಯಿಂದ ಅತ್ತಿ ವಿಚಿತ್ರವಾಗಿ ಗೊಣಗುತ್ತಿತ್ತು. ಎಪ್ಪತ್ತರ ಮುದುಕನೊಬ್ಬನ ಹೃದಯ ಇಪ್ಪತ್ತೈದರ ಹುಡುಗನದಂತೆ ಬಡಿಯುತ್ತಿದೆ, ನೇಕಾರನೊಬ್ಬನ ನಾಡಿ ಒಂದೇ ರಾತ್ರಿಯಲ್ಲಿ ಪೈಲ್ವಾನನದಾಗಿದೆ, ಹೀಗೆ. ಎಣ್ಣೆ ನೀರು, ಹೋಳಿಗೆ, ಹಬ್ಬದ ಹುರುಪು ಎಂದುಕೊಂಡು ಇರ್ಫಾನ ಸುಮ್ಮನಿದ್ದ. ಮಧ್ಯಾಹ್ನ ಎರಡಕ್ಕೆ ಸರಿಯಾಗಿ ಅತ್ತಿ ಗೊಣಗುವುದನ್ನು ಬಿಟ್ಟು ಕೂಗಿತು.

ಇಪ್ಪತ್ತಮೂರನೆಯ ಮಣಿ. ಹೃದಯ ಸೋಲುತ್ತಿದೆ. ಸಂಜೆ ಆರರೊಳಗೆ ಚಿಕಿತ್ಸೆ ಸಿಗದಿದ್ದರೆ ವ್ಯಕ್ತಿ ಉಳಿಯುವುದಿಲ್ಲ.

ಇಪ್ಪತ್ತಮೂರು ಎಂದರೆ ಶಿವಪುತ್ರಪ್ಪ ಕೊಪ್ಪದ, ಗರಡಿಮನೆಯ ಹಳೆಯ ಉಸ್ತಾದ, ಅರವತ್ತಾರು ವರ್ಷ, ತಂಬಾಕು ಬಿಟ್ಟು ಎರಡು ವರ್ಷ, ಹೊಟ್ಟೆ ನಲವತ್ತೆರಡು ಇಂಚು. ಇಪ್ಪತ್ತು ನಿಮಿಷದಲ್ಲಿ ಅಂಬ್ಯುಲನ್ಸು ಅವನ ಮನೆಯ ಮುಂದಿತ್ತು. ಹೆಂಡತಿ ನೀಲವ್ವ ಬಾಗಿಲಿಗೆ ಬಂದಳು.

“ಯಾರಿಗೇನಾಗೇತ್ರಿ ಡಾಕ್ಟರಬಾಯಾರ?”

“ನಿಮ್ಮ ಯಜಮಾನ್ರಿಗೆ.”

“ಅವರಿಗೇನಾಗೇತಿ? ಮೂರನೇ ಹೋಳಿಗಿ ನಡದೈತಿ.”

ಸುನಂದಾ ಬಾಯಿ ಒಳಗೆ ನುಗ್ಗಿದರು. ಶಿವಪುತ್ರಪ್ಪ ಕೈ ತುಪ್ಪ ಮಾಡಿಕೊಂಡು ಕೂತಿದ್ದ.

“ಉಸ್ತಾದ್ರ, ಎದಿ ನೋವು ಐತೇನ್ರಿ?”

“ಇದ್ದಿದ್ದಿಲ್ಲರಿ. ನಿಮ್ಮ ಗಾಡಿ ನೋಡಿದ ಮ್ಯಾಲೆ ಸುರು ಆಗಾಕ ಹತ್ತೇತಿ.”

“ಏಳ್ರಿ, ಹೊತ್ತು ಭಾಳಿಲ್ಲ. ನಿಮ್ಮ ಜೀವಕ್ಕ ಅಪಾಯ ಐತಿ.”

“ತುಪ್ಪ ಈಗಷ್ಟ ಹಾಕ್ಯಾಳ್ರಿ. ಇದೊಂದು ಮುಗಿಸಿ ಸಾಯ್ತೀನಿ, ತಡೀರಿ.”

ನಾಲ್ಕು ಜನ ಸೇರಿ ಅವನನ್ನು ಎತ್ತಬೇಕಾಯಿತು. ನೀಲವ್ವ ಉಳಿದ ಹೋಳಿಗೆಯನ್ನು ಡಬ್ಬಿಗೆ ತುಂಬಿಕೊಂಡು ಅಂಬ್ಯುಲನ್ಸು ಹತ್ತಿದಳು. ಏನೇ ಆದರೂ ಬಿಸಿ ಆರುವುದರೊಳಗೆ ಆಗಲಿ ಎಂಬುದು ಅವಳ ನಿಲುವಾಗಿತ್ತು.

*

ಕೇಂದ್ರದಲ್ಲಿ ಉಸ್ತಾದನ ಎದೆಗೆ ತಂತಿ ಹಚ್ಚಿದರು, ರಕ್ತ ತೆಗೆದರು, ತೆರೆಯ ಮೇಲೆ ಹೃದಯದ ಕವಾಟಗಳು ತೆರೆದು ಮುಚ್ಚುವುದನ್ನು ನೋಡಿದರು. ಹೃದಯ ಹಳೆಯ ಕೈಗಡಿಯಾರದಂತೆ ನಡೆಯುತ್ತಿತ್ತು. ಕೆಟ್ಟಿದ್ದುದು ಅವನ ಮುಖ ಒಂದೇ. ಅಷ್ಟರಲ್ಲಿ ಮೂರು ಹೊಡೆಯಿತು. ಓಣಿಯ ಮಣಿಗಳೆಲ್ಲ ಬಾಯಿ ಬಿಡುವ ಹೊತ್ತು. ಗಾಜಿನ ಕೋಣೆಯಿಂದ ಇರ್ಫಾನ ಓಡಿಬಂದ.

“ಮೇಡಮ್, ಇವರ ಹೃದಯ ಇಲ್ಲಿ ಇಲ್ರಿ.”

“ಅಂದ್ರ?”

“ಇಪ್ಪತ್ಮೂರು ಹನಮಪ್ಪನ ಗುಡ್ಯಾಗಿಂದ ಮಾತಾಡಾಕ ಹತ್ತೇತಿ. ಇನ್ನೂ ಕೆಟ್ಟಾಗೇತಿ. ಇಲ್ಲಿ ಈ ಮಂಚದ ಮ್ಯಾಲಿಂದ ಬಂದಿದ್ದು ಮೂವತ್ತೊಂದನೇ ನಂಬರು.”

“ಇವರ ಹೃದಯ ಮನ್ಯಾಗಂತೂ ಯಾವತ್ತೂ ಇದ್ದಿದ್ದಿಲ್ಲ ಬಿಡ್ರಿ,” ಎಂದಳು ನೀಲವ್ವ. “ಗುಡ್ಯಾಗ ಐತಿ ಅಂದ್ರ ಅದೂ ಹೊಸಾ ಸುದ್ದಿ.”

ಸುನಂದಾ ಬಾಯಿ ಉಸ್ತಾದನ ಅಂಗಿ ಎತ್ತಿ ನೋಡಿದರು. ಉಡಿದಾರ ಕೆಂಪಗೆ ಹೊಳೆಯುತ್ತಿತ್ತು.

“ಉಡಿದಾರ ತೆಗದಿದ್ರೇನ್ರಿ?”

“ಛೆ ಛೆ! ಹುಟ್ಟಿದಾಗಿಂದ ತೆಗದಿಲ್ಲ.”

“ಇದು ಹೊಸಾದು ಕಾಣತೈತಲ್ಲ?”

“ಹೊಸಾದ ಐತ್ರಿ. ಯುಗಾದಿ ಅಲ್ಲೇನ?”

“ಮತ್ತ ತೆಗದಿಲ್ಲ ಅಂದ್ರಿ?”

“ಹಾಕ್ಕೊಂಡೇವ್ರಿ. ತೆಗದಿಲ್ಲ.”

ಪ್ರಶ್ನಾವಳಿಯ ಮೊದಲ ಪ್ರಶ್ನೆಗೆ ಅರವತ್ತನಾಲ್ಕು ಪ್ರಾಮಾಣಿಕ ಉತ್ತರಗಳು ಬಂದದ್ದು ಹೇಗೆಂದು ಸುನಂದಾ ಬಾಯಿಗೆ ಆಗ ತಿಳಿಯಿತು. ಆ ಓಣಿಯಲ್ಲಿ ಯುಗಾದಿಯ ಹಿಂದಿನ ದಿನ ಗಂಡಸರೆಲ್ಲ ಉಡಿದಾರ ಮಾಡುವ ತುಳಜಾಸಾ ಪವಾರನ ಅಂಗಡಿಗೆ ಹೋಗುತ್ತಾರೆ. ಅವನು ಮೊದಲು ಸೊಂಟಕ್ಕೆ ಒಂದೆಳೆ ನೂಲು ಕಟ್ಟಿ, ಆಮೇಲೆ ಹಳೆಯ ಉಡಿದಾರವನ್ನು ಕತ್ತರಿಸುತ್ತಾನೆ. ಹಬ್ಬದ ಬೆಳಿಗ್ಗೆ ಎಣ್ಣೆ ನೀರಾದ ಮೇಲೆ ಹೊಸ ರೇಷ್ಮೆಯ ದಾರ ಬರುತ್ತದೆ; ಅದನ್ನು ಕಟ್ಟಿದ ಮೇಲೆ ನೂಲು ಹರಿಯುತ್ತಾರೆ. ಸೊಂಟ ಒಂದು ಕ್ಷಣವೂ ಬರಿದಾಗುವುದಿಲ್ಲ. ಆದ್ದರಿಂದ ಯಾರೂ ಏನನ್ನೂ ತೆಗೆದಂತಾಗಲಿಲ್ಲ.

*

ತುಳಜಾಸಾ ಎಪ್ಪತ್ತನಾಲ್ಕರ ಮನುಷ್ಯ, ಬೆರಳು ಬಿಟ್ಟರೆ ಉಳಿದದ್ದೆಲ್ಲ ಮುದಿಯಾಗಿತ್ತು. ಅಂಗಡಿಯ ಗೋಡೆಯ ತುಂಬ ಮೊಳೆ, ಮೊಳೆಯ ತುಂಬ ರೇಷ್ಮೆಯ ಲಡಿ. ಡಾಕ್ಟರು ತನ್ನ ಅಂಗಡಿಗೆ ಬಂದದ್ದು ಕಂಡು ಹಿಗ್ಗಿದ.

“ತುಳಜಾಸಾ ಕಾಕಾ, ಹಳೇ ದಾರದಾಗಿನ ಮಣಿ ಏನ್ ಮಾಡಿದ್ರಿ?”

“ತಿಕ್ಕಿದೆ,” ಎಂದ ಅಭಿಮಾನದಿಂದ. “ಹನ್ನೊಂದ ತಿಂಗಳದ ಬೆವರು, ಎಣ್ಣಿ, ಮಣ್ಣು. ಹಬ್ಬಕ್ಕ ಹೊಲಸ ಮಣಿ ಕಟ್ಟಾಕಾಗತೈತೇನ್ರಿ? ಅರವತ್ನಾಕನ್ನೂ ಹಿತ್ತಾಳಿ ಬಟ್ಟಲದಾಗ ಹಾಕಿ ಹುಣಸಿಹಣ್ಣು ಹಚ್ಚಿ ತಿಕ್ಕಿದೆ. ಫಳಫಳ ಅಂದವು.”

“ಎಲ್ಲಾ ಒಂದ ಬಟ್ಟಲದಾಗ?”

“ಅರವತ್ನಾಕು ಬಟ್ಟಲ ಎಲ್ಲಿಂದ ತರಲಿ?”

“ಮಣಿ ಮ್ಯಾಲೆ ನಂಬರ್ ಇದ್ದುವಲ್ರಿ ಕಾಕಾ,” ಎಂದ ಇರ್ಫಾನ.

“ಅದು ನಂಬರೇನಪಾ? ಒಂದು ಕರೀ ಕಲೆ ಇತ್ತು. ಹುಣಸಿಹಣ್ಣಿಗೆ ಹೋಗಲೇ ಇಲ್ಲ. ಕಡೀಕ ಬೂದಿ ಹಚ್ಚಿ ತಿಕ್ಕಿದ ಮ್ಯಾಲೆ ಹೋತು ನೋಡು.”

ಇರ್ಫಾನ ಅಲ್ಲೇ ಹೊಸ್ತಿಲ ಮೇಲೆ ಕೂತ. ಹನ್ನೊಂದು ತಿಂಗಳ ಹಳೆಯ ಲಯಕ್ಕೆ ಹೊಸ ಲಯವನ್ನು ಹೋಲಿಸಿ ಯಾರದು ಯಾವುದೆಂದು ಅತ್ತಿ ಹೇಳಬಲ್ಲದು. ಆದರೆ ಅದಕ್ಕೆ ಮರುದಿನ ಬೆಳಿಗ್ಗೆಯವರೆಗೆ ಸಮಯ ಬೇಕು. ಆಗ ಗಡಿಯಾರದಲ್ಲಿ ಮೂರೂ ಇಪ್ಪತ್ತು.

“ಏನಾತ್ರಿ ಬಾಯಾರ? ತಪ್ಪಾತೇನ್ರಿ?” ತುಳಜಾಸಾನ ದನಿ ಇಳಿಯಿತು.

“ಒಬ್ಬರ ಹೃದಯ ಸೋಲಾಕ ಹತ್ತೇತಿ ಕಾಕಾ. ಆರರೊಳಗ ಅವರನ್ನ ಹುಡುಕಬೇಕು. ಅವರು ಯಾರು ಅಂತ ಮಣಿ ಹೇಳತಿತ್ತು. ಈಗ ಮಣಿಗೂ ಗೊತ್ತಿಲ್ಲ.”

ತುಳಜಾಸಾ ತನ್ನ ಬೆರಳುಗಳನ್ನೇ ನೋಡುತ್ತ ನಿಂತ. ಸುನಂದಾ ಬಾಯಿ, ಇರ್ಫಾನ ಇಬ್ಬರೂ ಗುಡಿಗೆ ಓಡಿದರು.

*

ಹನಮಪ್ಪನ ಗುಡಿಯಲ್ಲಿ ಪಂಚಾಂಗ ಶ್ರವಣ ನಡೆದಿತ್ತು. ಹೊಸ ವರ್ಷದ ಮಳೆ, ಬೆಳೆ, ರಾಶಿಫಲಗಳನ್ನು ಓಣಿಯ ಗಂಡಸರು ಹೋಳಿಗೆಯ ಭಾರದಲ್ಲಿ ಅರೆಗಣ್ಣಾಗಿ ಕೇಳುತ್ತಿದ್ದರು. ಹೆಂಗಸರು ಆ ಕಡೆಯ ಕಟ್ಟೆಯ ಮೇಲೆ ಪೂರ್ತಿ ಎಚ್ಚರವಾಗಿದ್ದು ಕೇಳುತ್ತಿದ್ದರು. ಓದುತ್ತಿದ್ದವರು ಗುಂಡಾಚಾರ್ಯರು. ಅರವತ್ತೊಂದು ವರ್ಷ, ಹೆಸರಿಗೆ ತಕ್ಕ ಮೈಯನ್ನು ದೇವರು ಕೊಟ್ಟಿರಲಿಲ್ಲ. ಊದುಬತ್ತಿಗೆ ಧೋತರ ಉಡಿಸಿದಂತಿದ್ದರು. ಆ ವರ್ಷ ಅವರ ಓದು ಅಪೂರ್ವವಾಗಿತ್ತೆಂದು ಕೇಳಿದವರೆಲ್ಲ ಆಮೇಲೆ ಹೇಳಿದರು. “ವೃಷಭ ರಾಶಿಯವರಿಗೆ ಆರೋಗ್ಯ…” ಎಂದು ನಿಲ್ಲಿಸುವರು. ಇಡೀ ಗುಡಿ ಉಸಿರು ಬಿಗಿಹಿಡಿಯುವುದು. ಬಹಳ ಹೊತ್ತಾದ ಮೇಲೆ “…ಉತ್ತಮ” ಎನ್ನುವರು. ಜನ ಹೋ ಎಂದು ಉಸಿರು ಬಿಡುವರು. ಇಷ್ಟು ವರ್ಷ ಒಂದೇ ಓಟದಲ್ಲಿ ಓದಿ ಮುಗಿಸುತ್ತಿದ್ದ ಆಚಾರ್ಯರಿಗೆ ಕೊನೆಗೂ ನಾಟಕದ ಮರ್ಮ ತಿಳಿಯಿತೆಂದು ಜನ ಮೆಚ್ಚಿಕೊಂಡರು.

ಮೂರೂವರೆಗೆ ಕಂಬದ ಮೇಲಿನ ಪೆಟ್ಟಿಗೆ ನಲವತ್ತಾರು ಮಣಿಗಳ ಮಾತು ಹಿಡಿಯಿತು. ಅದರಲ್ಲಿ ಇಪ್ಪತ್ತಮೂರೂ ಇತ್ತು. ಇರ್ಫಾನ ಚಾಪೆಯ ಮೇಲಿನ ಗಂಡಸರನ್ನು ಎಣಿಸಿದ: ನಲವತ್ತೈದು. ಒಬ್ಬ ಹಿತ್ತಲ ಕಡೆಗೆ ಹೋಗಿರಬೇಕು ಎಂದುಕೊಂಡ.

ಸುನಂದಾ ಬಾಯಿ ಎರಡು ದಾರಿ ಹಿಡಿದರು. ಒಂದು, ತಾವೇ ಎದೆಗೊಳವೆ ಹಚ್ಚಿ ಪರೀಕ್ಷಿಸುವುದು. ಅವರ ಕೈಯಲ್ಲಿ ಅಪಾಯದ ಪಟ್ಟಿಯಿತ್ತು. ಬೊಜ್ಜು, ತಂಬಾಕು, ರಕ್ತದೊತ್ತಡ, ಸಿಟ್ಟು ಎಲ್ಲವನ್ನೂ ಕೂಡಿಸಿ ಅತ್ತಿ ಮಾಡಿದ ಪಟ್ಟಿ. ಮೇಲಿನಿಂದ ಸುರು ಮಾಡಿದರು. ಹೋಳಿಗೆ ಉಂಡ ದಪ್ಪನೆಯ ಗಂಡಸರ ಎದೆ ಯಾವತ್ತೂ ಅಪಾಯದಲ್ಲಿರುವಂತೆಯೇ ಕೇಳಿಸುತ್ತದೆ. ಒಬ್ಬೊಬ್ಬರಿಗೆ ಐದೈದು ನಿಮಿಷ ಹಿಡಿಯಿತು.

ಎರಡನೆಯದು ಇರ್ಫಾನನ ದಾರಿ. ಅರ್ಧ ಜನರನ್ನು ಗೋಡೆಯಾಚೆಯ ಕನ್ನಡ ಶಾಲೆಗೆ ಕಳಿಸುವುದು. ಅಲ್ಲಿಯೂ ಒಂದು ಪೆಟ್ಟಿಗೆಯಿದೆ. ಮುಂದಿನ ಸಲ ಮಣಿಗಳು ಮಾತಾಡಿದಾಗ ಇಪ್ಪತ್ತಮೂರು ಯಾವ ಕಡೆಯಿದೆಯೋ ಆ ಕಡೆಯವರನ್ನು ಮತ್ತೆ ಅರ್ಧ ಮಾಡುವುದು. ಆರು ಸಲ ಅರ್ಧ ಮಾಡಿದರೆ ಒಬ್ಬನೇ ಉಳಿಯುತ್ತಾನೆ.

“ಆರು ಸಲ ಅಂದ್ರ ಮೂರು ತಾಸು,” ಎಂದರು ಸುನಂದಾ ಬಾಯಿ. “ನಮಗ ಅಷ್ಟು ಹೊತ್ತಿಲ್ಲ.”

“ಎಷ್ಟು ಆಗತೈತಿ ಅಷ್ಟು ಸಣ್ಣದು ಮಾಡೂಣ್ರಿ. ನೀವು ಉಳಿದವರ ಎದಿ ನೋಡ್ರಿ.”

“ಎಬ್ಬಿಸಬ್ಯಾಡಪಾ ನನ್ನ,” ಎಂದ ಚಾಪೆಯ ಮೇಲಿನ ಒಬ್ಬ. “ನಂದು ಸಿಂಹರಾಶಿ. ಕರ್ಕ ನಡದೈತಿ.”

“ಜೀವದ ಪ್ರಶ್ನೆ ಐತ್ರಿ ಕಾಕಾ.”

“ನಂದೂ ಅದ ಪ್ರಶ್ನೆ. ಅದಕ್ಕ ಕೇಳಾಕ ಬಂದೇನಿ.”

ಕೊನೆಗೆ ಎರಡು ಕಬಡ್ಡಿ ತಂಡಗಳಂತೆ ಜನ ಒಡೆದುಕೊಂಡರು. ಶಾಲೆಗೆ ಹೋದವರಿಗೆ ಅವರವರ ರಾಶಿ ಬಂದಾಗ ಗೋಡೆಯ ಮೇಲಿಂದ ಕೂಗಿ ಹೇಳಬೇಕೆಂದು ಒಪ್ಪಂದವಾಯಿತು. ನಾಲ್ಕಕ್ಕೆ ಇಪ್ಪತ್ತಮೂರು ಗುಡಿಯಿಂದ ಮಾತಾಡಿತು. ಗುಡಿಯಲ್ಲಿದ್ದವರನ್ನು ಮತ್ತೆ ಅರ್ಧ ಮಾಡಿದರು. ನಾಲ್ಕೂವರೆಗೆ ಮತ್ತೆ ಗುಡಿಯಿಂದಲೇ. ಬಡಿತ ಇನ್ನೂ ಕುಸಿದಿತ್ತು. ಅತ್ತಿ ತನ್ನ ಲೆಕ್ಕ ತಿದ್ದಿ, ಆರಲ್ಲ, ಐದೂವರೆ ಎಂದಿತು. ಗುಡಿಯ ಚಾಪೆಯ ಮೇಲೆ ಹನ್ನೊಂದು ಜನ ಉಳಿದಿದ್ದರು. ಸುನಂದಾ ಬಾಯಿ ಹನ್ನೊಂದು ಎದೆಗಳನ್ನೂ ಕೇಳಿ ಮುಗಿಸಿದರು. ಹನ್ನೊಂದೂ ಗಟ್ಟಿ.

ಅವರು ಎದೆಗೊಳವೆ ಕೆಳಗಿಟ್ಟರು. “ಯಂತ್ರ ಸುಳ್ಳು ಹೇಳಾಕ ಹತ್ತೇತೇನು ಇರ್ಫಾನ?”

“ಇಲ್ರಿ ಮೇಡಮ್. ಗುಡ್ಯಾಗ ಐತಿ. ಇಲ್ಲೇ ಐತಿ.”

ಆ ಹೊತ್ತಿಗೆ ಬಾಗಿಲಲ್ಲಿ ತುಳಜಾಸಾ ಕಾಣಿಸಿದ. ಹೆಗಲ ಮೇಲೆ ನೇಗಿಲು ಹೊತ್ತಂತೆ ಒಂದು ಬಿದಿರ ಕೋಲು. ಅದರ ತುಂಬ ಇಳಿಬಿದ್ದ ದಾರಗಳು.

*

“ಬಾಯಾರ, ಯಾರ ಮಣಿ ಯಾರಿಗೆ ಹೋತು ಅನ್ನೂದು ನನಗ ಗೊತ್ತಿಲ್ಲ,” ಎಂದ ಏದುಸಿರು ಬಿಡುತ್ತ. “ಆದ್ರ ಸೊಂಟ ಗೊತ್ತೈತಿ. ಇವು ಅಳತಿ ದಾರ. ಒಬ್ಬೊಬ್ಬರಿಗೆ ಒಂದೊಂದು. ನಮ್ಮಪ್ಪನ ಕಾಲದಿಂದ. ಪ್ರತಿ ಯುಗಾದಿಗೆ ಸೊಂಟ ಅಳೆದು ಎಲ್ಲಿಗೆ ಬರತೈತಿ ಅಲ್ಲಿ ಒಂದು ಗಂಟು ಹಾಕ್ತೀನಿ.”

ಸುನಂದಾ ಬಾಯಿ ಒಂದು ದಾರ ಹಿಡಿದು ನೋಡಿದರು. ಉಸ್ತಾದ ಶಿವಪುತ್ರಪ್ಪನದು. ಮೂವತ್ತೆಂಟು ಗಂಟುಗಳು ಇರುವೆ ಸಾಲಿನಂತೆ ಒಂದರ ಹಿಂದೊಂದು ಹೊರಟಿದ್ದವು. ಕುಸ್ತಿ ಬಿಟ್ಟ ವರ್ಷ ಒಂದು ಉದ್ದ ಹೆಜ್ಜೆ, ಮಗಳ ಮದುವೆಯ ವರ್ಷ ಇನ್ನೊಂದು. ಮನುಷ್ಯರ ಸೊಂಟದ ಇಷ್ಟು ದೀರ್ಘ ದಾಖಲೆ ಜಗತ್ತಿನ ಯಾವ ಆಸ್ಪತ್ರೆಯಲ್ಲೂ ಇರಲಾರದೆಂದು ಅವರಿಗೆ ಹೊಳೆಯಿತು. ಆದರೆ ಅದನ್ನು ಯೋಚಿಸುವ ಹೊತ್ತು ಅದಾಗಿರಲಿಲ್ಲ.

“ಇದರಿಂದ ನಮಗೀಗ ಏನ್ ತಿಳೀತೈತಿ ಕಾಕಾ?”

ತುಳಜಾಸಾ ಹಿಂಜರಿದ. “ನಾ ದಾರದಾವ. ಡಾಕ್ಟರ ಮುಂದ ಹೇಳಬಾರದು. ಆದ್ರ ಒಂದು ಕಂಡೇನಿ. ಗಂಟು ಸಾವಕಾಶ ಸರದ್ರ ಏನೂ ಆಗೂದಿಲ್ಲ, ಮನಷ್ಯಾ ಉಂಡಾನ ಅಂತ ಅರ್ಥ. ಒಮ್ಮೆಲೆ ಒಂದ ವರ್ಷದಾಗ ನಾಕು ಬಟ್ಟು ಜಿಗಿದ ದಾರಕ್ಕ ಮುಂದಿನ ಯುಗಾದಿಗೆ ನಾ ಗಂಟು ಹಾಕಿದ್ದಿಲ್ಲ.”

“ಯಾಕ?”

“ಹಾಕಾಕ ಮನಷ್ಯಾ ಇರತಿದ್ದಿಲ್ರಿ.”

ಸುನಂದಾ ಬಾಯಿ ಅವನನ್ನೇ ನೋಡಿದರು. ಒಮ್ಮೆಲೇ ಬೆಳೆಯುವ ಹೊಟ್ಟೆ ಕೊಬ್ಬಿನದಲ್ಲ. ಸೋತ ಹೃದಯ ರಕ್ತವನ್ನು ಮುಂದಕ್ಕೆ ತಳ್ಳಲಾರದೆ ನೀರು ಹಿಂದೆ ನಿಂತಾಗ ಹಾಗಾಗುತ್ತದೆ. ಕಾಲಿಗೆ ಇಳಿಯುತ್ತದೆ, ಹೊಟ್ಟೆಗೆ ತುಂಬುತ್ತದೆ, ಕೊನೆಗೆ ಪುಪ್ಪುಸಕ್ಕೆ ಏರುತ್ತದೆ.

“ಈ ವರ್ಷ ಯಾರದು ಜಿಗದೈತಿ ಕಾಕಾ?”

ತುಳಜಾಸಾ ಬಿದಿರಿನಿಂದ ಒಂದು ದಾರ ಬಿಡಿಸಿ ಅವರ ಅಂಗೈ ಮೇಲಿಟ್ಟ. ಅದರಲ್ಲಿ ಗಂಟುಗಳು ಸಾಲಾಗಿರಲಿಲ್ಲ. ವರ್ಷ ವರ್ಷವೂ ಒಂದೇ ಜಾಗದಲ್ಲಿ ಬಿದ್ದು ಒಂದರ ಮೇಲೊಂದು ಕೂತು ಬಟಾಣಿಯಷ್ಟು ದಪ್ಪ ಮುದ್ದೆಯಾಗಿದ್ದವು. ಅದರಿಂದ ನಾಲ್ಕು ಬೆರಳಿನಾಚೆ ಒಂದೇ ಒಂದು ಹೊಸ ಗಂಟು.

“ನಿನ್ನೆ ಚ್ಯಾಷ್ಟಿನೂ ಮಾಡಿದ್ನಿರಿ. ಅಂತೂ ಈ ವರ್ಷ ನಿಮಗೂ ಹೊಟ್ಟಿ ಬಂತಲ್ರಿ ಅಂತ. ನಕ್ಕರು.” ತುಳಜಾಸಾ ಗದ್ದ ಎತ್ತಿ ತೋರಿಸಿದ.

ಅವನು ತೋರಿಸಿದ್ದು ಚಾಪೆಯ ಕಡೆಗಲ್ಲ. ಚಾಪೆಯ ಎದುರಿನ ಮಣೆಯ ಕಡೆಗೆ. ಎರಡು ಸಲ ಜನರನ್ನು ಅರ್ಧ ಮಾಡಿದಾಗಲೂ ಎದ್ದು ಹೋಗಬೇಕಾಗಿಲ್ಲದ, ಎಣಿಸುವಾಗ ಯಾರೂ ಎಣಿಸದ ಒಬ್ಬ ಗಂಡಸು ಅಲ್ಲಿ ಕೂತು, “ಧನು ರಾಶಿಯವರಿಗೆ ಆರೋಗ್ಯ…” ಎಂದು ನಿಲ್ಲಿಸಿದ್ದರು. ಸುನಂದಾ ಬಾಯಿಯ ಅಪಾಯದ ಪಟ್ಟಿಯಲ್ಲಿ ಅವರ ಹೆಸರು ಅರವತ್ತನಾಲ್ಕನೆಯದಾಗಿತ್ತು. ತೆಳ್ಳಗಿನ ಮೈ ನೋಡಿ ಅತ್ತಿ ಅವರನ್ನು ಕೊನೆಗೆ ಹಾಕಿತ್ತು. ಓದಿನ ನಡುವಿನ ಆ ನಿಲುಗಡೆ ನಾಟಕವಲ್ಲ, ಉಸಿರು ಸಾಲದ್ದು ಎಂದು ತಿಳಿದ ಸುನಂದಾ ಬಾಯಿ “…ಉತ್ತಮ” ಬರುವ ಮೊದಲೇ ಗುಂಡಾಚಾರ್ಯರನ್ನು ಅಂಬ್ಯುಲನ್ಸಿಗೆ ಎತ್ತಿಸಿದರು.